ಜೇಮ್ಸ್ ಲಾಂಗ್: ಪುಸ್ತಕ ಎಣಿಸಿದ ಪಾದ್ರಿ, ಲೆಕ್ಕ ತಪ್ಪಿದ ನಾನು

ಲೈಬ್ರರಿ ಸೈನ್ಸ್ ಪರೀಕ್ಷೆಗೆ ಓದ್ತಾ ಇರುವವರಿಗೆ. ಕಾಸರಗೋಡಲ್ಲಿ ಕೂತು ಎರಡು ದಿನ ತಲೆ ಕೆಡಿಸಿಕೊಂಡದ್ದನ್ನು ಮರೆಯುವ ಮೊದಲು ಬರೆದಿಡ್ತೇನೆ.

ಲಾಂಗ್ ಜೀವನಚರಿತ್ರೆ ಬೇಗ ಮುಗಿಸುವ. ಹುಟ್ಟಿದ್ದು 1814, ಐರ್ಲೆಂಡಿನ ಕಾರ್ಕ್ ಕಡೆ. ಚರ್ಚ್ ಮಿಷನರಿ ಸೊಸೈಟಿಯಿಂದ 1840ರಲ್ಲಿ ಕಲ್ಕತ್ತಾಕ್ಕೆ ಬಂದ ಆಂಗ್ಲಿಕನ್ ಪಾದ್ರಿ, ಅಲ್ಲೇ ಹತ್ರದ ಠಾಕುರ್‌ಪುಕುರದಲ್ಲಿ ಶಾಲೆ ನಡೆಸಿದ್ರು. ಮತಪ್ರಚಾರಕ್ಕೆ ಬಂದವರಿಗೆ ಬಂಗಾಳಿಗಳು ಎಂತ ಓದ್ತಾರೆ ಅಂತ ತಿಳಿಯುವ ಹುಚ್ಚು ಹಿಡೀತು, ಅಷ್ಟೆ. 1855ರಲ್ಲಿ ಹಿಂದಿನ 60 ವರ್ಷದಲ್ಲಿ ಅಚ್ಚಾದ 1400 ಬಂಗಾಳಿ ಪುಸ್ತಕಗಳನ್ನು ವಿಷಯವಾರು ವಿಂಗಡಿಸಿ ಕ್ಯಾಟಲಾಗ್ ತಂದ್ರು.

ನಾನು ಬಿದ್ದದ್ದು ಇಲ್ಲಿ. 1857ರಲ್ಲಿ ಅಚ್ಚಾದ ಬಂಗಾಳಿ ಪುಸ್ತಕಗಳ ಬಗ್ಗೆ ಅವರು 1859ರಲ್ಲಿ ಕೊಟ್ಟ ವರದಿಯಲ್ಲಿ 5,71,670 ಅಂತ ಉಂಟು. 60 ವರ್ಷಕ್ಕೆ 1400, ಒಂದೇ ವರ್ಷಕ್ಕೆ ಐದೂ ಮುಕ್ಕಾಲು ಲಕ್ಷ ಹತ್ರ? ಪುಸ್ತಕೋದ್ಯಮ ಸ್ಫೋಟ ಆಯ್ತು ಅಂತ ಒಂದು ಪುಟ ಉತ್ತರ ಬರೆದು, ಕೆಂಪು ಸುತ್ತು ಹಾಕಿಸಿಕೊಂಡೆ. ಮಾರಾಯ್ರೆ, ಮೊದಲನೇದು ಶೀರ್ಷಿಕೆ, ಎರಡನೇದು ಪ್ರತಿ!

ನಮ್ಮ ಚಾವಡಿಯ ಮೊಳೆಗೆ ನೇತಾಡುವ ಪಂಚಾಂಗ ನೋಡಿದಾಗ ತಲೆಗೆ ಹೊಕ್ಕಿತು. ಅದು ಒಂದೇ ಪುಸ್ತಕ, ಆದ್ರೆ ಪಕ್ಕದ ಮನೆಯಲ್ಲೂ ಅದೇ, ಅದರಾಚೆಯೂ ಅದೇ. ಲಾಂಗ್ ಲೆಕ್ಕದಲ್ಲೂ 19 ಪಂಚಾಂಗ, ಪ್ರತಿ 1,36,000. ಅಂದ್ರೆ ಆ ವರ್ಷ ಮಾರಾಟಕ್ಕೆ ಅಚ್ಚಾದದ್ದರಲ್ಲಿ ಸುಮಾರು ಕಾಲು ಭಾಗ ಪಂಚಾಂಗವೇ! ಕ್ಯಾಟಲಾಗಿನಲ್ಲಿ 19 ಸಾಲು ಹಿಡಿಯುವ ಸಾಮಾನು ಇದು. ಹಾಗಾಗಿ ಯಾವ ಸಂಖ್ಯೆ ಕಂಡ್ರೂ ಪಕ್ಕದಲ್ಲಿ 'ಶೀ' ಅಥವಾ 'ಪ್ರ' ಅಂತ ಪೆನ್ಸಿಲಲ್ಲಿ ಗೀಚಿ, ಆಮೇಲೆ ಕೂಡಿಸಿ ಕಳೀರಿ. ಇನ್ನು ಪ್ರತಿಗಳ ಲೆಕ್ಕವೂ ಓದುಗರ ಲೆಕ್ಕ ಅಲ್ಲ, ಒಬ್ಬ ಓದಿದ್ರೆ ಸುತ್ತ ಕೂತು ಕೇಳುವವರು ಹಲವರು ಅಂತ ಲಾಂಗೇ ಹೇಳ್ತಾರೆ. ಜೈಮಿನಿ ಭಾರತ ಓದಿಸಿ ಕೇಳಿದ ಅಜ್ಜಿಯಂದಿರು ಇದ್ದ ಮನೆಯವರಿಗೆ ಇದನ್ನು ಬಿಡಿಸಿ ಹೇಳ್ಬೇಕಾ?

ಇನ್ನು ಲಾಂಗ್ ಜೈಲಿಗೆ ಹೋದ 'ನೀಲ್ ದರ್ಪಣ್' ನಾಟಕದ ಕೇಸು: ನಾಟಕ ಬರೆದದ್ದು ಲಾಂಗ್ ಅಲ್ಲ, ದೀನಬಂಧು ಮಿತ್ರ, 1860. ನೀಲಿ ಬಣ್ಣದ ಗಿಡ (ಇಂಡಿಗೊ) ಬೆಳೆಸುವ ರೈತರ ಮೇಲೆ ತೋಟದ ಧಣಿಗಳ ದಬ್ಬಾಳಿಕೆಯ ಕಥೆ. ಅದರ ಇಂಗ್ಲಿಷ್ ಅನುವಾದವನ್ನು ಮುನ್ನುಡಿ ಹಾಕಿ ಅಚ್ಚು ಮಾಡಿಸಿದ್ದಕ್ಕೆ ಲಾಂಗ್ ಮೇಲೆ 1861ರಲ್ಲಿ ಮಾನನಷ್ಟದ ಕೇಸು, ಒಂದು ತಿಂಗಳು ಜೈಲು, 1000 ರೂಪಾಯಿ ದಂಡ. ದಂಡ ಕಟ್ಟಿದ್ದು ಬಂಗಾಳಿ ಲೇಖಕ ಕಾಲಿಪ್ರಸನ್ನ ಸಿಂಹ. ಜೈಲನ್ನು ಮಾತ್ರ ಪಾದ್ರಿಗಳೇ ಅನುಭವಿಸಿದ್ರು.