ಪರಸಿ ಮೇಲೆ ಬಿದ್ದ ನಿಂಬೆ ಹನಿ

ನಮ್ಮ ಕಲಬುರಗಿ ಕಡೆಯ ಹಳೆ ಮನೆಗಳಲ್ಲಿ ನೆಲಕ್ಕೆ ಶಹಾಬಾದಿನ ಪರಸಿ ಕಲ್ಲೇ. ನಿಂಬೆಹಣ್ಣು ಹಿಂಡುವಾಗ ಅದರ ಮೇಲೆ ಒಂದು ಹನಿ ಬಿದ್ದರೆ ಬಗ್ಗಿ ನೋಡಿ. ಸಣ್ಣ ಗುಳ್ಳೆ ಏಳುತ್ತವೆ. ಒರೆಸಿದ ಮೇಲೂ ಬೆಳ್ಳನೆ ಕಲೆ ಉಳಿಯುತ್ತದೆ. ಅಮ್ಮ ಬೈಯುವುದು ಅದಕ್ಕೇ ಅಲ್ವಾ? ಪರಸಿ ಅಂದರೆ ಸುಣ್ಣದ ಕಲ್ಲು. ಹುಳಿ ತಾಗಿದರೆ ಕರಗುತ್ತದೆ, ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ.

ಅದೇ ಗ್ಯಾಸನ್ನು ಬೆಂಕಿಯಿಂದ ಓಡಿಸಿದರೆ ಸಿಮೆಂಟಿನ ಕೆಲಸ ಶುರುವಾದಂತೆ. ಶುದ್ಧ ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ 44 ಕಿಲೋ ಗ್ಯಾಸಾಗಿ ಹೋಗುತ್ತದೆ, 56 ಕಿಲೋ ಸುಣ್ಣ ಉಳಿಯುತ್ತದೆ. ಜೇಡಿಮಣ್ಣಿನ ಜೊತೆ ಅದನ್ನು ಸುಮಾರು 1,450 ಡಿಗ್ರಿವರೆಗೆ ಕಾಯಿಸಿದರೆ ಕ್ಲಿಂಕರ್ ಎಂಬ ಕಪ್ಪು ಉಂಡೆಗಳಾಗುತ್ತವೆ. ಸ್ವಲ್ಪ ಜಿಪ್ಸಮ್ ಹಾಕಿ ಅರೆದರೆ ಸಿಮೆಂಟ್. ಜಿಪ್ಸಮ್ ಹಾಕದಿದ್ದರೆ ಗಾರೆಯವನು ಕರಣೆ ಎತ್ತುವಷ್ಟರಲ್ಲೇ ಅದು ಬಿಗಿದುಕೊಂಡುಬಿಡುತ್ತದೆ.

ಒಂದು ಟನ್ ಸಿಮೆಂಟಿಗೆ ಸುಮಾರು ಒಂದೂವರೆ ಟನ್ ಸುಣ್ಣದ ಕಲ್ಲು ಬೇಕು. ಅಷ್ಟು ಭಾರ ದೂರದಿಂದ ಹೊತ್ತು ತಂದರೆ ಲಾಭವೇ ಉಳಿಯದು. ಹಾಗಾಗಿ ಫ್ಯಾಕ್ಟರಿಯೇ ಸುಣ್ಣದ ಕಲ್ಲು ಇರುವ ಕಡೆಗೆ ಬರುತ್ತದೆ. ಆದರೆ ಕಲ್ಲಿದ್ದಲು ತರಲು, ಚೀಲ ಸಾಗಿಸಲು ರೈಲು ಬೇಕೇ ಬೇಕು. ಮುಂಬೈಯಿಂದ ಕಲಬುರಗಿ, ಶಹಾಬಾದ್, ವಾಡಿ ದಾಟಿ ರಾಯಚೂರಿಗೆ 1871ರಲ್ಲೇ ಹಳಿ ಬಂದಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೂ ರೈಲು ಹೊರಟಿತು. ಕೋಟಿಗಟ್ಟಲೆ ವರ್ಷ ಸುಮ್ನೆ ಮಲಗಿದ್ದ ಕಲ್ಲಿಗೆ ಆಗ ದಾರಿ ಸಿಕ್ಕಿತು.

1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಸೇರಿ ಎಸಿಸಿ (ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್) ಆದಾಗ ಶಹಾಬಾದಿನದೂ ಅದರಲ್ಲಿತ್ತು. ಆಗ ಇದು ನಿಜಾಮರ ಸೀಮೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿದಾಗ, ಎಲ್ಲವನ್ನೂ ಹೊಸದಾಗಿ ಕಟ್ಟಬೇಕಿದ್ದ ದೇಶಕ್ಕೆ ನಡೆಯುತ್ತಿದ್ದ ಫ್ಯಾಕ್ಟರಿಯೊಂದು ಸಿಕ್ಕಿತು.

ನನಗೆ ಹೆಮ್ಮೆ ಎನಿಸುವುದು ಮುಂದಿನ ಹೆಜ್ಜೆ. ಶಹಾಬಾದಿನಲ್ಲೇ ಬಾಯ್ಲರ್ ಮತ್ತು ಸಿಮೆಂಟ್ ಯಂತ್ರ ತಯಾರಿಸುವ ಕಾರ್ಖಾನೆ ಬಂತು. ಸಿಮೆಂಟ್ ಮಾಡುತ್ತಿದ್ದ ಊರು, ಸಿಮೆಂಟ್ ಮಾಡುವ ಯಂತ್ರವನ್ನೇ ಮಾಡತೊಡಗಿತು. ಇದು ಸಣ್ಣ ಮಾತಲ್ಲ. ಸಿಮೆಂಟಿನ ಕುಲುಮೆಯನ್ನೇ ನೋಡಿ. ಅದೊಂದು ಭಾರಿ ಉಕ್ಕಿನ ಕೊಳವೆ. ತುಸು ಓರೆಯಾಗಿ ಮಲಗಿ, ಹಗಲೂ ರಾತ್ರಿ ನಿಧಾನವಾಗಿ ತಿರುಗುತ್ತದೆ. ಒಳಗೆ ಬೆಂಕಿ ತಡೆಯುವ ಇಟ್ಟಿಗೆಯ ಸಾಲು. ಉಕ್ಕಿನ ತಗಡನ್ನು ದುಂಡಗೆ ಬಗ್ಗಿಸಿ ಬೆಸೆಯುವಾಗ ಕೊಳವೆ ಸೊಟ್ಟಗಾದರೆ, ತಿರುಗುತ್ತಾ ತಿರುಗುತ್ತಾ ಆ ಇಟ್ಟಿಗೆಗಳು ಸಡಿಲಾಗಿ ಉದುರುತ್ತವೆ.