ಯುರೇನಸ್‌ಗೆ ಹೆಸರು ಗಟ್ಟಿಯಾಗಲು ಸುಮಾರು 70 ವರ್ಷ

ಗ್ರಹಗಳಿಗೆ ಹೆಸರಿಟ್ಟವರು ಗ್ರೀಕರೋ, ರೋಮನ್ನರೋ? ಅದು ಶುರುವಾಗಿದ್ದು ಇಬ್ಬರಿಗೂ ಮೊದಲು, ಬ್ಯಾಬಿಲೋನಿಯಾದಲ್ಲಿ. ಅಲ್ಲಿನವರಿಗೆ ಮಂಗಳ ಎಂದರೆ ಯುದ್ಧದ ದೇವರು ನೆರ್ಗಲ್, ಶುಕ್ರ ಎಂದರೆ ಪ್ರೇಮದ ದೇವತೆ ಇಶ್ತಾರ್. ಗ್ರೀಕರು ಅದೇ ಗುಣದ ತಮ್ಮ ದೇವರುಗಳನ್ನು ತಂದರು: ಅರೀಸ್, ಅಫ್ರೊಡೈಟಿ. ರೋಮನ್ನರ ಬಾಯಲ್ಲಿ ಅವು ಮಾರ್ಸ್, ವೀನಸ್ ಆದವು. ಬರಿಗಣ್ಣಿಗೆ ಕಾಣುವ ಐದು ಗ್ರಹಗಳ ಕತೆ ಇಷ್ಟೇ. ಆಮೇಲೆ ಎಷ್ಟೋ ಶತಮಾನ ಹೊಸ ಹೆಸರು ಬೇಕಾಗಲೇ ಇಲ್ಲ.

ಗೊಂದಲ ಶುರುವಾಗಿದ್ದು 1781ರ ಮಾರ್ಚ್ 13ರ ರಾತ್ರಿ. ಇಂಗ್ಲೆಂಡಿನ ಬಾತ್ ಊರಿನಲ್ಲಿ ಸಂಗೀತದಿಂದ ಬದುಕುತ್ತಿದ್ದ ವಿಲಿಯಂ ಹರ್ಷೆಲ್, ತಾವೇ ಮಾಡಿದ ದೂರದರ್ಶಕದಲ್ಲಿ ಒಂದು ಮಸುಕು ಚುಕ್ಕೆ ಕಂಡರು. ಧೂಮಕೇತು ಇರಬೇಕು ಅಂದುಕೊಂಡರು. ಬೇರೆಯವರು ಲೆಕ್ಕ ಹಾಕಿದಾಗ ಗೊತ್ತಾಯಿತು, ಅದು ಶನಿಗಿಂತ ಸುಮಾರು ಎರಡು ಪಟ್ಟು ದೂರದ ಗ್ರಹ!

ಹರ್ಷೆಲ್ ಇಟ್ಟ ಹೆಸರು ‘ಜಾರ್ಜಿಯಂ ಸೀಡಸ್’, ಅಂದರೆ ಜಾರ್ಜನ ನಕ್ಷತ್ರ. ದೊರೆ ಮೂರನೇ ಜಾರ್ಜ್ ಹರ್ಷೆಲ್‌ಗೆ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿದ್ದ. ಆ ಹಣದಿಂದಲೇ ಅವರು ಸಂಗೀತದ ಕೆಲಸ ಬಿಟ್ಟು ಆಕಾಶ ನೋಡುತ್ತಾ ಕೂರಲು ಆಗಿದ್ದು. ಋಣ ತೀರಿಸುವ ಆಸೆ ಸಹಜವೇ. ಆದರೆ ಆಕಾಶ ಎಲ್ಲರದು. ಒಂದು ದೇಶದ ದೊರೆಯ ಹೆಸರನ್ನು ಉಳಿದವರು ಯಾಕೆ ಹೇಳಬೇಕು? ಫ್ರಾನ್ಸ್‌ನಲ್ಲಿ ಕೆಲವರು ಗ್ರಹವನ್ನು ‘ಹರ್ಷೆಲ್’ ಎಂದೇ ಕರೆದರು. ಬರ್ಲಿನ್‌ನ ಖಗೋಳವಿಜ್ಞಾನಿ ಯೋಹಾನ್ ಬೋಡೆ ‘ಯುರೇನಸ್’ ಎಂದರು. ಅವರ ತರ್ಕ ನನಗೆ ತುಂಬಾ ಇಷ್ಟ. ಅವರ ಪುರಾಣದಲ್ಲಿ ಜುಪಿಟರ್‌ನ (ನಮ್ಮ ಗುರು ಗ್ರಹ) ಅಪ್ಪ ಸ್ಯಾಟರ್ನ್ (ನಮ್ಮ ಶನಿ). ಹಾಗಾದರೆ ಸ್ಯಾಟರ್ನ್‌ನ ಆಚೆ ಇರಬೇಕಾದವನು ಅವನ ಅಪ್ಪ, ಅಲ್ವಾ? ಆ ಅಪ್ಪನೇ ಆಕಾಶದ ದೇವರು ಯುರೇನಸ್. ಭೂಮಿ ಬಿಟ್ಟು ಉಳಿದ ಗ್ರಹಗಳದ್ದು ರೋಮನ್ ಹೆಸರು, ಇದೊಂದು ಮಾತ್ರ ಗ್ರೀಕ್.

1789ರಲ್ಲಿ ಬರ್ಲಿನ್‌ನಲ್ಲೇ ರಸಾಯನವಿಜ್ಞಾನಿ ಕ್ಲಾಪ್ರೋತ್ ತಾವು ಕಂಡುಹಿಡಿದ ಧಾತುವಿಗೆ ಈ ಗ್ರಹದ ಹೆಸರಿನಿಂದಲೇ ಯುರೇನಿಯಂ ಎಂದು ಹೆಸರಿಟ್ಟರು. ಬೋಡೆಯ ಹೆಸರು ನಿಧಾನಕ್ಕೆ ಗಟ್ಟಿಯಾಯಿತು. ಬ್ರಿಟನ್ನಿನ ನಾವಿಕರ ಪಂಚಾಂಗ ಮಾತ್ರ 1850ರ ಹೊತ್ತಿನವರೆಗೂ ‘ಜಾರ್ಜಿಯನ್’ ಎಂದೇ ಅಚ್ಚು ಹಾಕುತ್ತಿತ್ತು.

ಅಷ್ಟರಲ್ಲಿ, 1846ರಲ್ಲಿ ಇನ್ನೊಂದು ಗ್ರಹ ಸಿಕ್ಕಿತ್ತು. ಅದಕ್ಕೂ ಲೆಕ್ಕ ಹಾಕಿದ ವಿಜ್ಞಾನಿಯ ಹೆಸರು ಇಡುವ ಪ್ರಯತ್ನ ನಡೆಯಿತು, ಉಳಿದದ್ದು ಸಮುದ್ರದೇವರು ನೆಪ್ಚೂನ್. 1930ರಲ್ಲಿ, ಆಗ ಗ್ರಹ ಎನಿಸಿದ್ದ ಪ್ಲೂಟೊಗೆ ಹೆಸರು ಸೂಚಿಸಿದವಳು ಆಕ್ಸ್‌ಫರ್ಡ್‌ನ 11 ವರ್ಷದ ಹುಡುಗಿ, ವೆನೀಷಿಯಾ ಬರ್ನಿ.

ನಮ್ಮ ಬುಧ, ಶುಕ್ರ, ಮಂಗಳ, ಗುರು, ಶನಿ ನಮ್ಮದೇ ಪುರಾಣದವರು. ಕೊನೆಯ ಎರಡಕ್ಕೆ ಮಾತ್ರ ಕನ್ನಡದಲ್ಲೂ ಯುರೇನಸ್, ನೆಪ್ಚೂನ್ ಎನ್ನುತ್ತೇವೆ. ಬ್ರಿಟನ್ನಿನ ಆ ಪಂಚಾಂಗದ ಹೆಸರೇ ಗೆದ್ದಿದ್ದರೆ ನಮ್ಮ ಮಕ್ಕಳು ಶನಿಯ ಮುಂದೆ ಜಾರ್ಜ್ ದೊರೆಯ ಹೆಸರನ್ನು ಬಾಯಿಪಾಠ ಮಾಡಬೇಕಿತ್ತು.