ಐಪಿಎ ಬಿಯರಿನ ಕಹಿಯನ್ನು ಅಳೆಯುವ ಬಗೆ

ಇಂಡಿಯಾ ಪೇಲ್ ಏಲ್, ಅಂದರೆ ಐಪಿಎ ಬಿಯರನ್ನು ಸವಿದು ಅಂಕ ಕೊಡಲು ಕಲಿಯುತ್ತಿರುವ ನಾವು ಮೊದಮೊದಲು ಮಾಡುವ ತಪ್ಪು, ಕಹಿ ಹೆಚ್ಚಿದ್ದಷ್ಟೂ ಬಿಯರು ಉತ್ತಮವೆಂದು ತಿಳಿಯುವುದು. ಕಹಿ ಯಾವಾಗ ಬಂತು, ಹೇಗಿತ್ತು, ಹೇಗೆ ಇಳಿಯಿತು ಎಂಬುದನ್ನು ಬರೆದಿಡಲು ಬಂದವರಿಗೆ ಈ ವಿದ್ಯೆಯ ಅರ್ಧ ದಕ್ಕಿದಂತೆ.

ಬಿಯರಿನ ತೀರ್ಪುಗಾರರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಬಿಜೆಸಿಪಿ ಸಂಸ್ಥೆಯ ಪದ್ಧತಿಯಲ್ಲಿ ಒಟ್ಟು 50 ಅಂಕಗಳಿವೆ: ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಗುವ ಹದಕ್ಕೆ 5, ಒಟ್ಟು ಪರಿಣಾಮಕ್ಕೆ 10. ನೋಟಕ್ಕೆ ಮೂರೇ ಅಂಕವಿರುವುದು ಸರಿಯಾಗಿಯೇ ಇದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಕಂಡು ಖಾರವನ್ನು ಊಹಿಸಿದವರು ಹೇಗೆ ತಪ್ಪುತ್ತಾರೋ, ಬಣ್ಣ ಕಂಡು ಕಹಿಯನ್ನು ಊಹಿಸುವವರೂ ಹಾಗೆಯೇ ತಪ್ಪುತ್ತಾರೆ.

ಬಿಯರು 7ರಿಂದ 10 ಡಿಗ್ರಿ ಸೆಲ್ಸಿಯಸ್ ಇರಲಿ. ಅದಕ್ಕಿಂತ ತಣ್ಣಗಿದ್ದರೆ ಘಮ ಏಳುವುದಿಲ್ಲ. ಸೋಪಿನ ಅಂಶ ಉಳಿಯದಂತೆ ತೊಳೆದ ಗ್ಲಾಸಿಗೆ ಸುರಿದ ಕೂಡಲೇ, ನೊರೆ ಇಳಿಯುವ ಮುನ್ನ, ಮೂಸಿ ನೋಡಬೇಕು. ಬಿಯರಿಗೆ ಕಹಿ ಮತ್ತು ಘಮ ಕೊಡುವ ಬಳ್ಳಿಯ ಹೂವಾದ ಹಾಪ್ಸ್‌ನ ಅತ್ಯಂತ ಸೂಕ್ಷ್ಮ ವಾಸನೆಗಳು ಮೊದಲು ಹಾರಿಹೋಗುತ್ತವೆ. 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿಯ ಘಮವನ್ನು ದ್ರಾಕ್ಷಿಹಣ್ಣಿಗೆ ಸಂಬಂಧವಿಲ್ಲದ 'ಗ್ರೇಪ್‌ಫ್ರೂಟ್'ಗೆ ಹೋಲಿಸುವುದು ರೂಢಿ. ಆ ಹಣ್ಣನ್ನು ಕಂಡಿರದ ನಮಗೆ ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಸುವುದು ಒಳ್ಳೆಯ ಅಭ್ಯಾಸ. ಸಿಟ್ರಾ ಎಂಬ ಇನ್ನೊಂದು ತಳಿಯ ಹಾಪ್ಸ್‌ಗೆ ಇನ್ನೂ ಹತ್ತಿರದ ಹೋಲಿಕೆ ಧಾರವಾಡದ ಆಪೂಸ್ ಮಾವು. ಹಣ್ಣಿನ ತಿರುಳಿನಷ್ಟೇ ಗಮನದಿಂದ ತೊಟ್ಟು ಮುರಿದಾಗ ಒಸರುವ ಸೊನೆಯನ್ನೂ ಮೂಸಿರಿ. ಅದರ ತೀಕ್ಷ್ಣವಾದ, ರಾಳದಂಥ ವಾಸನೆ ಐಪಿಎಯಲ್ಲಿ ಮತ್ತೆ ಸಿಗುತ್ತದೆ. ಮೈರ್ಸೀನ್ ಎಂಬ ಅಂಶ ಹಾಪ್ಸ್‌ನಲ್ಲೂ ಇದೆ, ಮಾವಿನಲ್ಲೂ ಇದೆ.

ಹಾಪ್ಸ್‌ನ ಆಲ್ಫಾ ಆಮ್ಲಗಳು ಕುದಿಯುವಾಗ ರೂಪ ಬದಲಿಸಿದಾಗ ಕಹಿ ಹುಟ್ಟುತ್ತದೆ. ಕುದಿತ ಮುಗಿದ ಮೇಲೆ ಹಾಕಿದ ಹಾಪ್ಸ್ ಹೆಚ್ಚಾಗಿ ಘಮವನ್ನೇ ಕೊಡುತ್ತದೆ. ಅಮೆರಿಕನ್ ಐಪಿಎಗೆ ಹೇಳಿರುವ ಕಹಿಯ ಅಳತೆ 40ರಿಂದ 70 ಐಬಿಯು (ಬಿಯರಿನ ಕಹಿಯನ್ನು ಅಳೆಯುವ ಮಾನ), ಮದ್ಯಾಂಶ ಶೇ. 5.5ರಿಂದ 7.5. ಆದರೆ ಸಿಹಿ ಉಳಿದ ಬಿಯರಿನಲ್ಲಿ 60 ಐಬಿಯು ಮೆತ್ತಗೆ ಕಂಡೀತು, ಸಿಹಿ ಉಳಿಯದೆ ಒಣಗಿದಂತಿರುವ ಬಿಯರಿನಲ್ಲಿ 45 ಕೂಡ ಚುರುಕಾಗಿ ತಾಗೀತು. ನೀರೂ ಇದನ್ನು ಬದಲಿಸುತ್ತದೆ. 19ನೆಯ ಶತಮಾನದಲ್ಲಿ ಭಾರತಕ್ಕೆ ಬಿಯರು ಕಳುಹಿಸಿ ಹೆಸರಾದ ಇಂಗ್ಲೆಂಡಿನ ಬರ್ಟನ್ ಊರಿನ ನೀರಿನಲ್ಲಿ ಜಿಪ್ಸಮ್ ಹೇರಳವಾಗಿದ್ದು, ಅದರ ಸಲ್ಫೇಟ್ ಕಹಿಯನ್ನು ಸ್ಪಷ್ಟಗೊಳಿಸುತ್ತದೆ. ಈ ಕಾರಣಕ್ಕೇ ಬಾಯಿ ತೊಳೆಯಲು ಬೋರ್‌ವೆಲ್ಲಿನ ಸವಳು ನೀರು ಬೇಡ.

ಕಹಿಯನ್ನೂ ಒಗರನ್ನೂ ಬೆರೆಸಬಾರದು. ಬಲಿಯದ ಬಾಳೆಕಾಯಿಯನ್ನು ಕಚ್ಚಿದವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಿಲ್ಲ: ಕಹಿ ನಾಲಿಗೆಯ ರುಚಿ, ಒಗರು ಒಸಡು ಬಿಗಿಯುವ ಸ್ಪರ್ಶ. ಒಳ್ಳೆಯ ಐಪಿಎಯ ಕಹಿ ನುಂಗಿದ ಮೇಲೂ ಸ್ವಲ್ಪ ಹೊತ್ತು ನಿಂತು ಸ್ವಚ್ಛವಾಗಿ ಇಳಿಯುತ್ತದೆ. ಒರಟು ಒಗರು ಉಳಿದರೆ ಅಂಕ ಕಳೆಯಬೇಕು. ಮಾಲ್ಟಿನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ಪೇಡೆಯ ಕಂದು ಖೋವಾದಂಥ ಪರಿಮಳ ಬಂದರೆ ಇಂಗ್ಲಿಷ್ ಐಪಿಎಗೆ ಒಪ್ಪುತ್ತದೆ, ಅಮೆರಿಕನ್ ಬಗೆಯಲ್ಲಿ ಅದು ಮುಂದೆ ಬರಬಾರದು.

ಸವಿಯುವ ಮುನ್ನ ಮಿರ್ಚಿ, ಗಿರ್ಮಿಟ್ ತಿನ್ನಬೇಡಿ. ಗುಟುಕುಗಳ ನಡುವೆ ಬರೀ ಖಡಕ್ ಜೋಳದ ರೊಟ್ಟಿಯ ಚೂರು ಸಾಕು.

ಈ ಬೇಸಿಗೆಯಲ್ಲಿ ಹುಬ್ಬಳ್ಳಿಯ ಗೆಳೆಯರ ಮನೆಯಲ್ಲಿ, ಒಂದೇ ದಿನ ತುಂಬಿದ ಎರಡು ಕ್ಯಾನ್‌ಗಳನ್ನು ಪಕ್ಕಪಕ್ಕದಲ್ಲಿ ಸವಿದೆವು. ಒಂದು ಫ್ರಿಜ್ಜಿನಲ್ಲಿದ್ದದ್ದು, ಇನ್ನೊಂದು ಆರು ವಾರ ಅಟ್ಟದ ಮೇಲಿದ್ದದ್ದು. ಮೊದಲನೆಯದರಲ್ಲಿ ಮಾವು, ಕಿತ್ತಳೆ ಸಿಪ್ಪೆ ಎದ್ದು ಬಂದವು. ಎರಡನೆಯದರಲ್ಲಿ ಜೇನಿನ ಮಂಕು ಸಿಹಿ, ಒದ್ದೆಯಾದ ರಟ್ಟಿನ ವಾಸನೆ. ಘಮದ ಆಸರೆ ಹೋದ ಕಹಿ ಬರಿದಾಗಿ ನಾಲಿಗೆಗೆ ಅಂಟಿಕೊಂಡಿತ್ತು. ನಾನು ಕ್ರಮವಾಗಿ 38 ಮತ್ತು 24 ಅಂಕ ಬರೆದೆ. ಎರಡನೆಯ ಹಾಳೆಯಲ್ಲಿ ಮೊದಲು 'ಹಾಪ್ಸ್ ಕಡಿಮೆ' ಎಂದು ಬರೆದದ್ದನ್ನು ಹೊಡೆದುಹಾಕಿ, 'ಸೆಕೆ ಮತ್ತು ಆಮ್ಲಜನಕದಿಂದ ಹಳಸಿದೆ. ತಣ್ಣಗಿಟ್ಟು ಬೇಗ ಬಳಸಿ' ಎಂದು ತಿದ್ದಿದೆ, ಏಕೆಂದರೆ ಹಾಪ್ಸ್ ಎರಡರಲ್ಲೂ ಅಷ್ಟೇ ಇತ್ತು.